ಬಟ್ಟೆ ಹೊದೆಸಿದ ತಕ್ಕಡಿ

ಹಳೆಯ ಮಾರುಕಟ್ಟೆಯನ್ನು ಕೆಡವುವ ಮುಂಚೆ ಕಂಪನಿಯವರು ಅದರ ಫೋಟೊ ತೆಗೆದಿಟ್ಟುಕೊಂಡಿದ್ದರು. ಈಗ ಆ ಜಾಗದಲ್ಲಿ ಎದ್ದು ನಿಂತಿರುವ ಶಾಪಿಂಗ್ ಸೆಂಟರಿನ ಮೊದಲ ಮಹಡಿಯಲ್ಲಿ, ಎಸ್ಕಲೇಟರ್ ಹತ್ತಿ ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ, ಆ ಫೋಟೊವನ್ನು ಗೋಡೆಯೆತ್ತರಕ್ಕೆ ಹಿಗ್ಗಿಸಿ ಹಾಕಿದ್ದಾರೆ. ಅದರ ನಟ್ಟನಡುವೆ, ಸೊಪ್ಪು ಮಾರುವ ಸೊಪ್ಪಿನಕ್ಕನ ಅತ್ತೆ ಕೂತಿದ್ದಾಳೆ. ಕೈಯ ಪಕ್ಕ ಹಿತ್ತಾಳೆಯ ತಕ್ಕಡಿ, ಬಾಯಲ್ಲಿ ಯಾರನ್ನೋ ಬೈಯುತ್ತಿರುವ ಮಾತು. ಆ ಫೋಟೊದಲ್ಲಿದ್ದವರ ಪೈಕಿ ಸತ್ತವರಿಗೆ ಮೊದಲ ಮಹಡಿ ಸಿಕ್ಕಿತು. ಬದುಕಿ ಉಳಿದವರಿಗೆ ನೆಲಮಾಳಿಗೆ.

ಮಾತು ಕೊಟ್ಟದ್ದು ಹಾಗಲ್ಲ. ರಸ್ತೆಗೆ ಮುಖ ಮಾಡಿದ ನೆಲ ಅಂತಸ್ತು, ಎಲ್ಲರಿಗೂ ಸಾಲಾಗಿ ಅಂಗಡಿ ಎಂದು ಮೈಕು ಹಿಡಿದು ಹೇಳಿದ್ದರು. ಕಟ್ಟಡ ಮುಗಿಯುವ ಹೊತ್ತಿಗೆ ನೆಲ ಅಂತಸ್ತಿಗೆ ಬೂಟಿನ ಅಂಗಡಿ, ಕನ್ನಡಕದ ಅಂಗಡಿ, ಕಾಫಿ ಕೌಂಟರ್ ಬಂದು ಕೂತಿದ್ದವು. ಮಾರುಕಟ್ಟೆಯವರನ್ನು ಕಾರು ನಿಲ್ಲಿಸುವ ಜಾಗದ ಪಕ್ಕ, ಕಂಬಗಳ ಮರೆಗೆ ಇಳಿಸಿದರು. ಅಲ್ಲಿ ಗಾಳಿ ಕಾರಿನದು, ಬೆಳಕು ಟ್ಯೂಬಿನದು. ಕೂಗಿ ಕರೆಯಬಾರದು, ನೆಲದ ಮೇಲೆ ಕೂರಬಾರದು, ಸೊಪ್ಪಿಗೆ ನೀರು ಚಿಮುಕಿಸುವಾಗ ಒಂದು ಹನಿಯೂ ಹೊರಗೆ ಬೀಳಬಾರದು. ಬಾಗಿಲ ಮೇಲೆ ‘ಪರಂಪರೆ ಅಂಗಳ’ ಎಂದು ಬೋರ್ಡು.

“ಪರಂಪರೆ ಅಂದ್ರೆ ಹೂತು ಹಾಕೋದು ಅಂತ ಇವರಿಗೆ ಯಾರೋ ಹೇಳಿಕೊಟ್ಟಿರಬೇಕು” ಎಂದಿದ್ದ ನಿಂಬೆ ತಾತ. ನಿಂಬೆಹಣ್ಣು ಮಾರಿ ಮಾರಿ ಅವನ ನಾಲಿಗೆಗೂ ಆ ಹುಳಿ ಹತ್ತಿಕೊಂಡಿತ್ತು.

ಕೆಡವಿದವರಿಗೆ ಕೈಗೆ ಸಿಗದೆ ಉಳಿದದ್ದು ಒಂದೇ, ಮಾರುಕಟ್ಟೆಯ ಹಳೆಯ ಕಟ್ಟುಪಾಡು. ಕಾಯಿಲೆ, ಹೆರಿಗೆ, ಸಾವು ಎಂದು ಯಾರಾದರೂ ಅಂಗಡಿ ಬಿಟ್ಟು ಹೋಗಬೇಕಾಗಿ ಬಂದರೆ ತಮ್ಮ ಹೆಗಲ ಬಟ್ಟೆಯನ್ನು ತಕ್ಕಡಿಯ ಮೇಲೆ ಹೊದೆಸಿ ಹೋಗುತ್ತಿದ್ದರು. ಬಟ್ಟೆ ಹೊದೆಸಿದೆ ಎಂದರೆ ಯಜಮಾನರು ಬರುತ್ತಾರೆ ಎಂದರ್ಥ. ಪಕ್ಕದವರು ಆ ಸರಕನ್ನು ತಮ್ಮ ಅಂಗಡಿಗೆ ಎಳೆದುಕೊಂಡು ಮಾರಿಕೊಡಬೇಕು, ಮಾತುಕತೆ ಇರಲಿ ಬಿಡಲಿ. ಆದರೆ ತೂಗುವುದು ತಮ್ಮ ತಕ್ಕಡಿಯಲ್ಲಿ. ಬಟ್ಟೆ ಹೊದೆಸಿದ ತಕ್ಕಡಿಗೆ ಇನ್ನೊಬ್ಬರ ಕೈ ಸೋಕುವಂತಿಲ್ಲ. ಹೆಂಡತಿಯದಾದರೆ ಗಂಡನ ಕೈಯೂ ಸೋಕುವಂತಿಲ್ಲ.

ಸೊಪ್ಪಿನಕ್ಕನ ಪಕ್ಕದ ಅಂಗಡಿ ಅವಳ ನಾದಿನಿಯದು, ಗಂಡನ ತಂಗಿ. ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ ಮಾರುತ್ತಿದ್ದಳು. ಅತ್ತಿಗೆ ನಾದಿನಿ ಮಾತಾಡಿ ವರ್ಷಗಳೇ ಕಳೆದಿದ್ದವು. ಕಾರಣ ಆ ಹಿತ್ತಾಳೆಯ ತಕ್ಕಡಿಯೇ. ಅತ್ತೆಯ ಕೈ ನಡುಗತೊಡಗಿದ ಮೇಲೆ ಅದರ ಮುಂದೆ ನಿಂತು ತೂಗಿದವಳು ಸೊಸೆ. ಅತ್ತೆ ಕಣ್ಣು ಮುಚ್ಚುವಾಗ “ಮಗಳಿಗೆ” ಎಂದಳು. ಸೊಸೆ ಸುಮ್ಮನಿದ್ದಳು. ಆದರೆ ಕೊಡುವ ಮುಂಚೆ ತೊಳೆದು ಕೊಡೋಣ ಎಂದು ತಟ್ಟೆಗೆ ಕೈ ಹಾಕಿದ್ದನ್ನು ಕಂಡ ನಾದಿನಿ, ಬಂದ ನೆಂಟರಿಷ್ಟರ ಎದುರಿಗೇ, “ಅವ್ವನ ಮೈ ಇನ್ನೂ ತಣ್ಣಗಾಗಿಲ್ಲ, ಆಗಲೇ ಎತ್ತಿಡೋಕೆ ಬಂದೆಯಾ” ಎಂದುಬಿಟ್ಟಳು. ಅಂದಿನಿಂದ ಸೊಪ್ಪಿನಕ್ಕ ಆ ತಕ್ಕಡಿಯ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ಇಬ್ಬರ ನಡುವೆ ಏನೇ ಮಾತಿದ್ದರೂ ಅದು ಟೆಂಪೊ ಓಡಿಸುವ ಗಂಡನ ಬಾಯಿಂದ ಹಾದು ಹೋಗಬೇಕಿತ್ತು. “ನಾನೇನು ನಿಮ್ಮಿಬ್ಬರ ಪೋಸ್ಟ್‌ಮ್ಯಾನಾ” ಎಂದು ಅವನು ಗೊಣಗುತ್ತಿದ್ದ. ಗೊಣಗುತ್ತಲೇ ಹಂಚುತ್ತಿದ್ದ.

ನೆಲಮಾಳಿಗೆಗೆ ಬಂದಾಗ ಕಂಪನಿ ಎಲ್ಲರ ಕೈಗೂ ಬಟನ್ ತಕ್ಕಡಿ ಕೊಟ್ಟಿತು. ನಾದಿನಿ ಒಬ್ಬಳು ಮಾತ್ರ ಒಲ್ಲೆ ಎಂದು ಹಿತ್ತಾಳೆಯದನ್ನೇ ಕೊಕ್ಕೆಗೆ ತೂಗುಹಾಕಿದಳು. ಮೇಲಿನಿಂದ ಬಂದವರು ಅದರ ಮುಂದೆ ನಿಂತು ಫೋಟೊ ತೆಗೆದುಕೊಳ್ಳುವುದನ್ನು ಕಂಡು ಕಂಪನಿಯೂ ಸುಮ್ಮನಾಯಿತು.

ಇಂಥ ನಾದಿನಿ ಒಂದು ಬೆಳಿಗ್ಗೆ, ಹೊಳಪು ಬರಲೆಂದು ಆಗಷ್ಟೇ ಒರೆಸಿದ್ದ ಕಂಪನಿಯ ನೆಲದ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಸ್ಟ್ರೆಚರ್ ಇಲ್ಲವೆಂದು ಸಾಮಾನಿನ ತಳ್ಳುಗಾಡಿಯ ಮೇಲೆ ಮಲಗಿಸಿದರು. ಗಾಡಿ ಹೊರಡುವಾಗ ಅವಳು ನೋವಿನಲ್ಲೇ ಹೆಗಲ ಬಟ್ಟೆಯನ್ನು ಎಳೆದು ಸೊಪ್ಪಿನಕ್ಕನ ಕಡೆಗೆ ಎಸೆದಳು. ಸೊಪ್ಪಿನಕ್ಕ ಬಟ್ಟೆಯನ್ನು ಹಿಡಿದು, ಹಿತ್ತಾಳೆಗೆ ಬೆರಳು ತಾಗದ ಹಾಗೆ ಜೋಪಾನವಾಗಿ ತಕ್ಕಡಿಯ ಮೇಲೆ ಇಳಿಬಿಟ್ಟಳು. ಈರುಳ್ಳಿಯ ಮೂಟೆಗಳನ್ನು ತನ್ನ ಸೊಪ್ಪಿನ ಪಕ್ಕಕ್ಕೆ ಎಳೆದುಕೊಂಡಳು. ಅಂದಿನಿಂದ ಒಂದು ಕಣ್ಣು ಸೊಪ್ಪಿನ ಮೇಲೆ, ಒಂದು ಕಣ್ಣು ಈರುಳ್ಳಿಯ ಮೇಲೆ. ದುಡಿದದ್ದೆಲ್ಲ ಗಂಡನ ಕೈಯಲ್ಲಿ ಆಸ್ಪತ್ರೆಗೆ ಹೋಗುತ್ತಿತ್ತು.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಬಂದು ನೋಡಿದರೆ ನಾದಿನಿಯ ಅಂಗಡಿಯ ಕಂಬಕ್ಕೆ ಕೆಂಪು ಸ್ಟಿಕ್ಕರ್ ಅಂಟಿಸಿತ್ತು: ಖಾಲಿ.

ಅದರ ಅರ್ಥವನ್ನು ಆ ಸಾಲಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಕೆಂಪು ಸ್ಟಿಕ್ಕರ್ ಬಿದ್ದ ಅಂಗಡಿಯ ಬಾಯಿಗೆ ಮಾರನೆಯ ದಿನ ಒಂದು ದೊಡ್ಡ ಬೋರ್ಡು ಬಡಿಯುತ್ತಿದ್ದರು. ಬೋರ್ಡಿನ ಮೇಲೆ ಬುಟ್ಟಿ ತುಂಬ ತರಕಾರಿ ಹಿಡಿದು ನಗುತ್ತಿರುವ ಹೆಂಗಸಿನ ಬಣ್ಣದ ಚಿತ್ರ. ತರಕಾರಿ ಮಾರುವವಳನ್ನು ಓಡಿಸಿ ತರಕಾರಿ ಮಾರುವವಳ ಚಿತ್ರ ಹಾಕುವ ಜಾಣತನ ಅದು. ಬಾಳೆಹಣ್ಣಿನವನದು, ಮೊಟ್ಟೆಯವಳದು, ಬುಟ್ಟಿ ಹೆಣೆಯುವವನದು ಎಂದು ಆಗಲೇ ಮೂರು ಅಂಗಡಿಗಳ ಮುಂದೆ ಆ ಹೆಂಗಸು ನಗುತ್ತ ನಿಂತಿದ್ದಳು. ಹೀಗೆ ಒಂದೊಂದೇ ಮುಚ್ಚಿಸಿ, ಕೊನೆಗೆ ‘ನಿಮ್ಮ ಮಾರುಕಟ್ಟೆ ನಡೆಯಲಿಲ್ಲ’ ಎಂದು ಹೇಳಿ ಇಡೀ ಸಾಲನ್ನು ಕಾರುಗಳಿಗೆ ಕೊಡುವ ಲೆಕ್ಕಾಚಾರ ಎಲ್ಲರಿಗೂ ಗೊತ್ತಿತ್ತು. ನಾದಿನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಬಾಡಿಗೆಯ ಒಂದು ಕೋಣೆ, ಈ ಒಂದು ಅಂಗಡಿ. ಕೋಣೆಯ ಬಾಡಿಗೆ ನಿಂತಿದ್ದುದು ಅಂಗಡಿಯ ಗಳಿಕೆಯ ಮೇಲೆ.

ಸ್ಟಿಕ್ಕರ್ ಅಂಟಿಸಿದವನು ಮೇಲ್ವಿಚಾರಕ. ಎಲ್ಲರೂ ಅವನನ್ನು ‘ಟೈ’ ಎನ್ನುತ್ತಿದ್ದರು. ಅವನ ಅಪ್ಪ ಹಳೆಯ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದವನು. ಟೈ ಓಡಾಡಲು ಕಲಿತದ್ದೇ ಈ ಜನರ ಗೋಣಿಚೀಲಗಳ ನಡುವೆ.

ಸೊಪ್ಪಿನಕ್ಕ ಅವನನ್ನು ಲಿಫ್ಟಿನ ಬಾಗಿಲಲ್ಲಿ ಹಿಡಿದಳು. “ಏನಪ್ಪಾ ಇದು? ಖಾಲಿ ಅಂತೆ.”

“ಕ್ಯಾಮೆರಾದಲ್ಲಿ ವಾರದಿಂದ ಮುಚ್ಚೇ ಇದೆ ಚಿಕ್ಕಮ್ಮ.”

“ಮುಚ್ಚಿಲ್ಲ, ಹೊದೆಸಿದೆ. ಆ ಬಟ್ಟೆ ಯಾಕೆ ಹಾಕ್ತಾರೆ ಅಂತ ಕ್ಯಾಮೆರಾಗೆ ಗೊತ್ತಿಲ್ಲ, ಸರಿ. ನಿನಗೂ ಗೊತ್ತಿಲ್ವಾ?”

ಟೈ ಲಿಫ್ಟಿನ ಬಟನ್ನನ್ನು ಇನ್ನೊಮ್ಮೆ ಒತ್ತಿದ. “ಗೊತ್ತಿದೆ ಚಿಕ್ಕಮ್ಮ. ಗೊತ್ತಿರೋದಕ್ಕೆ ಸಂಬಳ ಕೊಡಲ್ಲ ಅವರು.”

“ನಿಮ್ಮಪ್ಪ ಕಾಲು ಮುರ್ಕೊಂಡು ಮಲಗಿದ್ದಾಗ ಅವನ ಮೂಟೆ ಯಾರು ಹೊತ್ರು ಅಂತ ಕೇಳಿದೀಯಾ ಯಾವತ್ತಾದ್ರೂ?”

ಲಿಫ್ಟು ಬಂತು. ಅವನ ಹಿಂದೆಯೇ ಅವಳೂ ಒಳಗೆ ಹತ್ತಿದಳು.

ಮೇಲಿನ ಆಫೀಸಿನಲ್ಲಿ ಮ್ಯಾನೇಜರ್ ಮೇಡಂ ಕುರ್ಚಿ ತೋರಿಸಿದಳು, ನೀರು ತರಿಸಿದಳು. ದನಿಯಲ್ಲಿ ಒಂದಿಷ್ಟೂ ಗಡಸಿಲ್ಲ. ಇಂಥವರ ಹತ್ತಿರ ಜಗಳ ಆಡುವುದು ಹತ್ತಿಯ ಮೂಟೆಗೆ ಗುದ್ದಿದ ಹಾಗೆ ಎಂದು ಸೊಪ್ಪಿನಕ್ಕನಿಗೆ ಕೂತ ಗಳಿಗೆಯಲ್ಲೇ ತಿಳಿಯಿತು.

“ನಮಗೂ ಬೇಜಾರೇ” ಎಂದಳು ಮೇಡಂ. “ಆದರೆ ನಿಯಮ ಅಂತ ಒಂದಿದೆಯಲ್ಲ. ಆ ಅಂಗಡಿಯಲ್ಲಿ ತೂಕ ನಡೀತಿದ್ರೆ ಅದು ತೆರೆದಿದೆ. ನಡೀತಿಲ್ಲ ಅಂದ್ರೆ ಖಾಲಿ.”

“ಅವಳ ಈರುಳ್ಳಿ ನಾನು ಮಾರ್ತಿದೀನಿ. ದಿನಾ.”

“ನಿಮ್ಮ ಅಂಗಡಿಯಲ್ಲಿ, ನಿಮ್ಮ ತಕ್ಕಡಿಯಲ್ಲಿ. ಅದು ನಿಮ್ಮ ವ್ಯಾಪಾರ ಆಯ್ತು.”

“ನನ್ನ ತಕ್ಕಡೀನೇ ಅವಳ ಕಟ್ಟೆ ಮೇಲಿಟ್ಟು ತೂಗಿದ್ರೆ?”

“ಆಗಲ್ಲ. ಒಂದೊಂದು ಅಂಗಡಿಗೂ ಒಂದೊಂದು ತಕ್ಕಡಿ ಅಂತ ನೋಂದಾಯಿಸಿದೀವಿ. ಆ ಅಂಗಡಿಯದ್ದು ಆ ಹಿತ್ತಾಳೆಯದ್ದು.” ಮೇಡಂ ನಕ್ಕಳು. “ಮನೆಯವರು ಯಾರಾದರೂ ಅದರಲ್ಲಿ ತೂಗ್ತಿದ್ರೆ ನಾವು ಬೋರ್ಡ್ ಹಾಕೋ ಹಾಗಿಲ್ಲ. ಆದರೆ ನಿಮ್ಮಲ್ಲಿ ಯಾರೂ ಮುಟ್ಟಲ್ವಂತಲ್ಲ?”

ಅದು ಅವಳಿಗೆ ಹೇಗೆ ಗೊತ್ತಾಯಿತು ಎಂದು ಸೊಪ್ಪಿನಕ್ಕ ಕೇಳಲಿಲ್ಲ. ಬಾಗಿಲ ಬಳಿ ನಿಂತಿದ್ದ ಟೈ ತನ್ನ ಬೂಟು ನೋಡಿಕೊಳ್ಳುತ್ತಿದ್ದ. ನೂರು ಜನರನ್ನು ಇಷ್ಟು ವರ್ಷ ಕಾಪಾಡಿದ ಒಂದು ಬಟ್ಟೆಯ ಗುಟ್ಟನ್ನು ಅವನು ಈ ತಣ್ಣನೆಯ ಕೋಣೆಗೆ ತಂದು ಮಾರಿದ್ದ. ಅದನ್ನೇ ಹಗ್ಗ ಮಾಡಿ ಇವರು ಕುತ್ತಿಗೆಗೆ ಬಿಗಿಯುತ್ತಿದ್ದರು.

ನೀರಿನ ಲೋಟವನ್ನು ಹಾಗೇ ಬಿಟ್ಟು ಅವಳು ಎದ್ದಳು.

ಕೆಳಗೆ ಬಂದು ಹೇಳಿದಾಗ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಮುಟ್ಟೋ ಹಾಗಿಲ್ಲಮ್ಮ” ಎಂದ ನಿಂಬೆ ತಾತ. ಅವನ ಮಾತಿನಲ್ಲಿ ಹುಳಿ ಇರಲಿಲ್ಲ. “ಇವತ್ತು ಒಳ್ಳೇದಕ್ಕೆ ಅಂತ ಮುಟ್ತೀಯ. ನಾಳೆ ಇನ್ನೊಬ್ಬ ಕೆಟ್ಟದ್ದಕ್ಕೆ ಮುಟ್ತಾನೆ. ಆಮೇಲೆ ಬಟ್ಟೆಗೆ ಏನು ಬೆಲೆ?”

“ಅದಕ್ಕೇ ಅವಳನ್ನೇ ಕೇಳಿ ಬರ್ತೀನಿ.”

“ಯಾರನ್ನ, ನಾದಿನೀನಾ? ನೀನಾ?” ತಾತನಿಗೆ ಹುಳಿ ಮರಳಿ ಬಂತು. “ಹಂಗಾದ್ರೆ ನಾನೂ ಬರ್ತೀನಿ ತಡಿ, ಇದನ್ನ ನೋಡದೆ ಸತ್ರೆ ನಷ್ಟ.”

ಅವನನ್ನು ಬಿಟ್ಟು, ಗಂಡನನ್ನು ಕರೆದುಕೊಂಡು ಸಂಜೆ ಆಸ್ಪತ್ರೆಗೆ ಹೋದಳು. ಉದ್ದನೆಯ ವಾರ್ಡು, ಕಿಟಕಿಯ ಪಕ್ಕದ ಮಂಚ. ನಾದಿನಿಯ ಕಾಲಿಗೆ ಕಟ್ಟಿದ್ದ ಭಾರ ಮಂಚದ ತುದಿಯಲ್ಲಿ ತೂಗಾಡುತ್ತಿತ್ತು. ಅತ್ತಿಗೆಯನ್ನು ಕಂಡದ್ದೇ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಮೈ ತಿರುಗಿಸಲು ಆಗುವಂತಿರಲಿಲ್ಲ.

ಗಂಡ ನಡುವೆ ಸ್ಟೂಲ್ ಹಾಕಿಕೊಂಡು ಕೂತ. ನಡೆದದ್ದನ್ನೆಲ್ಲ ಹೇಳಿದ. ನಾದಿನಿ ಕಿಟಕಿಗೆ ಕೇಳುವ ಹಾಗೆ ಅಂದಳು:

“ನಿನ್ನ ಹೆಂಡ್ತಿಗೆ ಹೇಳು, ಹೋದ್ರೆ ಹೋಗ್ಲಿ ಅಂಗಡಿ. ಅವ್ವನ ತಕ್ಕಡಿ ಮುಟ್ಟೋದು ಬೇಡ.”

“ನಿನ್ನ ತಂಗಿಗೆ ಹೇಳು” ಎಂದಳು ಸೊಪ್ಪಿನಕ್ಕ, “ಹೋಗ್ಲಿ ಅನ್ನೋದು ಸುಲಭ. ನಾಳೆ ಅವಳದ್ದು ಹೋದ್ರೆ ನಾಡಿದ್ದು ನಂದು. ಆಮೇಲೆ ತಾತಂದು. ನಾನು ಮುಟ್ಟೋದು ಅವಳ ಮೇಲಿನ ಪ್ರೀತಿಗಲ್ಲ.”

“ಮುಟ್ಟಿದವಳು ಬಿಡ್ತಾಳಾ ಅಂತ ಕೇಳು.”

“ಬಿಡದೆ ಏನು, ತಲೆ ಮೇಲೆ ಹೊತ್ಕೊಂಡು ತಿರುಗ್ತೀನಾ ಅಂತ ಕೇಳು. ಅವತ್ತೂ ತೊಳೆಯೋಕೆ ಅಂತ ಮುಟ್ಟಿದ್ದು. ತೊಳೆದು ಅವಳ ಕೈಗೇ ಕೊಡೋಕೆ. ಇಷ್ಟು ವರ್ಷ ಆಯ್ತು, ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.”

ಗಂಡ ಆ ಕಡೆ ಈ ಕಡೆ ನೋಡಿದ. “ಇದನ್ನ ನಾನು ಹೇಳಬೇಕಾ, ಕೇಳಿಸ್ತಾ?”

ಪಕ್ಕದ ಮಂಚದ ಮುದುಕಿ ತನ್ನ ಕೆಮ್ಮನ್ನು ತಡೆಹಿಡಿದುಕೊಂಡು ಕಿವಿಗೊಟ್ಟಿದ್ದಳು. ನರ್ಸ್ ಬಂದು, ಹೊತ್ತಾಯಿತು ಹೊರಡಿ ಎಂದಳು. ಸೊಪ್ಪಿನಕ್ಕ ಎದ್ದು ಸೆರಗು ಸರಿ ಮಾಡಿಕೊಂಡಳು. ಬೇಡ ಎಂದರೂ ನಾಳೆ ತಾನು ಆ ಬಟ್ಟೆ ತೆಗೆಯುವವಳೇ ಎಂದು ಅವಳಿಗೆ ಆಗಲೇ ತಿಳಿದುಹೋಗಿತ್ತು. ವಾರ್ಡಿನ ಬಾಗಿಲ ತನಕ ಹೋಗಿದ್ದಾಗ ಹಿಂದಿನಿಂದ ದನಿ ಬಂತು.

“ಎಡಗಡೆ ತಟ್ಟೆ ಒಂಚೂರು ಇಳಿಯುತ್ತೆ. ಅದಕ್ಕೇ ಬಲಗಡೆ ಸರಪಳಿಗೆ ದಾರ ಸುತ್ತಿದೆ. ಅದನ್ನ ಬಿಚ್ಚಬಾರದು ಅಂತ ಹೇಳಣ್ಣ.”

ಸೊಪ್ಪಿನಕ್ಕ ನಿಂತಳು. ಅತ್ತೆಯ ಕಾಲದಲ್ಲಿ ಆ ದಾರ ಸುತ್ತಿದವಳು ಅವಳೇ. ಆ ಮಾತನ್ನು ನುಂಗಿಕೊಂಡಳು. ತಿರುಗಿ ನೋಡದೆ, ಗಂಡನ ಮೂಲಕವೂ ಅಲ್ಲದೆ, “ಬಿಚ್ಚಲ್ಲ” ಎಂದಳು.

ಬೆಳಿಗ್ಗೆ ಸಾಮಾನಿನ ಗೇಟು ತೆರೆದ ಕೂಡಲೇ ಒಳಗೆ ನುಗ್ಗಿದಳು. ಈರುಳ್ಳಿ, ಆಲೂಗಡ್ಡೆ ಮೂಟೆಗಳನ್ನು ಒಂದೊಂದಾಗಿ ನಾದಿನಿಯ ಕಟ್ಟೆಗೆ ಎಳೆದು ತಂದು, ಸಿಪ್ಪೆ ಉಜ್ಜಿ, ದಪ್ಪದ್ದು ಮುಂದೆ ಸಣ್ಣದ್ದು ಹಿಂದೆ ಎಂದು ಹರವಿದಳು. ಸಾಲಿನವರು ತಮ್ಮ ಕೆಲಸ ಬಿಟ್ಟು ನಿಂತರು. ಅವಳು ತಕ್ಕಡಿಯ ಮುಂದೆ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಯಜಮಾನಿ ಹೇಳಿ ಕಳಿಸಿದಾಳೆ. ನಾನಾಗಿ ತೆಗೀತಿಲ್ಲ.”

ಬಟ್ಟೆ ತೆಗೆದು ಹೆಗಲಿಗೆ ಹಾಕಿಕೊಂಡಳು. ಹಿತ್ತಾಳೆಯನ್ನು ಹಿಡಿದಾಗ ಅದರ ತಂಪು ಅಂಗೈಗೆ ಹಳೆಯ ಪರಿಚಯದವರ ಹಾಗೆ ತಾಗಿತು. ದಾರದ ಭಾರಕ್ಕೆ ಎರಡು ತಟ್ಟೆಯೂ ಸಮವಾಗಿ ನಿಂತಿದ್ದವು. ದಾರವನ್ನು ಬೆರಳಲ್ಲಿ ಒತ್ತಿ ನೋಡಿದಳು, ದಾರ ಹೊಸದು, ಗಂಟು ಹಾಕಿದ ರೀತಿ ಮಾತ್ರ ಅವಳದೇ. ತನ್ನನ್ನು ಬೈದುಕೊಂಡೇ ತನ್ನ ಗಂಟನ್ನು ಕಲಿತಿದ್ದಾಳೆ ಕಳ್ಳಿ.

ಸೊಪ್ಪಿನ ಅಂಗಡಿಯ ಕಡೆ ತಿರುಗಿದರೆ ಅಲ್ಲಿ ನಿಂಬೆ ತಾತ ನಿಂತಿದ್ದ, ಅವಳ ಬಟನ್ ತಕ್ಕಡಿಯ ಮೇಲೆ ಕೈ ಇಟ್ಟುಕೊಂಡು. “ನೀನು ಕೇಳಿ ಬಂದೆ, ನಾನು ಕೇಳ್ತಿದೀನಿ. ಮುಟ್ಟಲಾ?”

“ಮುಟ್ಟು ತಾತ. ಸೊಪ್ಪು ಬಾಡಿಸಬೇಡ ಅಷ್ಟೆ.”

“ನನಗಿಂತ ಬಾಡಿರಲ್ಲ ಬಿಡು.”

ಟೈ ಬರುವಾಗ ಇಬ್ಬರು ಕೆಲಸಗಾರರು ನಗುವ ಹೆಂಗಸಿನ ಬೋರ್ಡನ್ನು ಹೊತ್ತು ಹಿಂದೆ ಬರುತ್ತಿದ್ದರು. ಒಬ್ಬನ ಕೈಯಲ್ಲಿ ಡ್ರಿಲ್. ಟೈ ನಾದಿನಿಯ ಅಂಗಡಿಯ ಮುಂದೆ ಬಂದು ನಿಂತುಬಿಟ್ಟ. ಮೂಟೆ ಹೊರುವವರು, ಗುಡಿಸುವವರು, ಕಾರು ನಿಲ್ಲಿಸಲು ಇಳಿದು ಬಂದವರು, ಎದುರು ಸಾಲಿನ ಟೊಮೆಟೊದವಳು, ಎಲ್ಲರೂ ಚೀಲ ಹಿಡಿದು ಸಾಲಾಗಿ ನಿಂತಿದ್ದರು. ಟೊಮೆಟೊದವಳ ಮನೆಯಲ್ಲಿ ಈರುಳ್ಳಿ ತುಂಬಿತ್ತು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು.

“ಚಿಕ್ಕಮ್ಮ” ಎಂದ ಟೈ, ತಗ್ಗಿದ ದನಿಯಲ್ಲಿ. “ಒಂದೇ ನಿಮಿಷ ಬಟ್ಟೆ ಹಾಕಿ. ಒಂದು ಫೋಟೊ ತೆಗೆದು ಕಳಿಸಿಬಿಡ್ತೀನಿ. ಬೋರ್ಡು ನಾಳೆ ನಾಡಿದ್ದು ನೋಡೋಣ. ನನ್ನ ಕೆಲಸದ ಪ್ರಶ್ನೆ.”

“ನಿನ್ನ ಕೆಲಸ ಒಂದು. ಇಲ್ಲಿರೋದು ಎಷ್ಟು ಅಂತ ಎಣಿಸು. ಎಷ್ಟು ಕೊಡಲಿ ನಿನಗೆ, ಒಂದು ಕೆಜಿನಾ ಎರಡಾ?”

ಸಾಲಿನಲ್ಲಿ ನಗು ಹರಿಯಿತು. ಸೊಪ್ಪಿನಕ್ಕ ನಗಲಿಲ್ಲ. ಎದೆ ತುಂಬ ಉಸಿರು ಎಳೆದುಕೊಂಡು, ಈ ನೆಲಮಾಳಿಗೆಗೆ ಇಳಿದ ದಿನದಿಂದ ಗಂಟಲಲ್ಲಿ ಕಟ್ಟಿಟ್ಟಿದ್ದ ಕೂಗನ್ನು ಬಿಚ್ಚಿದಳು. “ಈರುಳ್ಳೀ, ದಪ್ಪ ಈರುಳ್ಳೀ.” ಅದು ಅತ್ತೆಯ ಕೂಗು, ಕೊನೆಯಲ್ಲಿ ಮೇಲೆತ್ತಿ ಬಿಡುವ ಎಳೆತವೂ ಅವಳದೇ. ಕಂಬದಿಂದ ಕಂಬಕ್ಕೆ ಅದು ತಾಗುತ್ತ ಹೋಯಿತು. ಎದುರು ಸಾಲಿನವಳು ಟೊಮೆಟೊ ಎಂದು ಎತ್ತಿಕೊಂಡಳು. ಬೀನ್ಸಿನವನು, ಕುಂಬಳಕಾಯಿಯವಳು, ತಾತನ ಒಡಕು ಗಂಟಲು. ಕಾರುಗಳ ಜಾಗದಲ್ಲಿ ಜನ ನಿಂತು ಕತ್ತು ಹೊರಳಿಸಿದರು. ಎಸ್ಕಲೇಟರಿನ ಬಾಯಲ್ಲಿ ಬೂಟಿನ ಅಂಗಡಿಯ ಹುಡುಗಿಯರು ಬಗ್ಗಿ ನೋಡಿದರು.

ಕೂಗು ಮೇಲಿನ ಆಫೀಸಿಗೂ ಹೋಗಿರಬೇಕು. ಮ್ಯಾನೇಜರ್ ಮೇಡಂ ಇಳಿದು ಬಂದಳು. ತೂಗುತ್ತಿರುವ ತಕ್ಕಡಿ ನೋಡಿದಳು, ಸಾಲು ನೋಡಿದಳು.

“ಇದು ನಿಮ್ಮ ಹೆಸರಿನ ಅಂಗಡಿ ಅಲ್ಲ” ಎಂದಳು.

“ಅಲ್ಲ. ನನ್ನ ನಾದಿನಿದು. ಅವಳ ಅಂಗಡಿ, ಅವಳ ತಕ್ಕಡಿ, ಮನೆಯವರ ಕೈ. ನಿನ್ನೆ ನೀವೇ ಹೇಳಿದ್ರಲ್ಲ, ಮರೆತೆ ಅನ್ನಬೇಡಿ. ನಾನು ನಿಮ್ಮ ನೀರೂ ಕುಡೀಲಿಲ್ಲ, ನಿಮ್ಮ ಮಾತು ಮಾತ್ರ ತಗೊಂಡು ಬಂದೆ.”

“ಕೂಗಬಾರದು ಅಂತಲೂ ನಿಯಮ ಇದೆ.”

“ಅದಕ್ಕೆ ಬೇರೆ ಸ್ಟಿಕ್ಕರ್ ಮಾಡಿಸಿ. ಎಲ್ಲರಿಗೂ ಬೇಕಾಗುತ್ತೆ, ಜಾಸ್ತಿ ಮಾಡಿಸಿ.”

ಡ್ರಿಲ್ ಹಿಡಿದಿದ್ದವನಿಗೆ ಬೋರ್ಡಿನ ಭಾರದಿಂದ ತೋಳು ಸೋತಿತ್ತು. ಅವನು ಬೋರ್ಡನ್ನು ಕಂಬಕ್ಕೆ ಒರಗಿಸಿ, ಮೇಡಂ ಕಡೆ ಒಮ್ಮೆ ನೋಡಿ, ಸಾಲಿನ ಕೊನೆಗೆ ಹೋಗಿ ನಿಂತ. “ಅಕ್ಕ, ಅರ್ಧ ಕೆಜಿ ಸಾಕು ನನಗೆ” ಎಂದ ಅಲ್ಲಿಂದಲೇ. “ಮನೆಯಲ್ಲಿ ತರೋಕೆ ಹೇಳಿದ್ರು.”

ಮೇಡಂಗೆ ಕೋಪ ಬಂದಿರಬಹುದು. ತೋರಿಸಲಿಲ್ಲ. “ಇವತ್ತಿಗೆ ಸರಿ” ಎಂದಳು. “ನಾಳೆಯೂ ಬಂದು ನೋಡ್ತೀವಿ. ನಾಡಿದ್ದೂ.”

“ಬನ್ನಿ. ದಿನಾ ಬನ್ನಿ. ನಾಳೆ ಹೊಸ ಮೂಟೆ ಬರುತ್ತೆ.”

ಮೇಡಂ ಹೋದಳು. ಸಾಲು ಕರಗಿತು. ಸೊಪ್ಪಿನಕ್ಕನ ಹೆಗಲ ಮೇಲೆ ನಾದಿನಿಯ ಬಟ್ಟೆ ಇನ್ನೂ ಹಾಗೇ ಇತ್ತು. ಅದನ್ನು ಎಲ್ಲಿಡುವುದು ಎಂದು ಸುತ್ತ ನೋಡಿದಳು. ಎದುರಿಗೆ, ಬಾಳೆಹಣ್ಣಿನವನ ಅಂಗಡಿಯ ಮುಂದೆ, ಬಣ್ಣದ ಹೆಂಗಸು ಬುಟ್ಟಿ ಹಿಡಿದು ನಗುತ್ತಿದ್ದಳು. ಬಾಳೆಹಣ್ಣಿನವನು ಈಗ ಎಲ್ಲೋ ತಳ್ಳುಗಾಡಿಯಲ್ಲಿ ಪೊಲೀಸರ ಕಣ್ಣು ತಪ್ಪಿಸಿ ಮಾರುತ್ತಿದ್ದಾನೆ ಎಂದು ಸುದ್ದಿ. ಅವನೂ ಹೋಗುವಾಗ ತಕ್ಕಡಿಗೆ ಬಟ್ಟೆ ಹೊದೆಸಿಯೇ ಹೋಗಿದ್ದ. ಬೋರ್ಡಿನ ಹಿಂದೆ, ಕತ್ತಲಲ್ಲಿ, ಅದು ಹಾಗೇ ಇದ್ದೀತು.

ಅವಳು ನಡೆದು ಹೋಗಿ ನಾದಿನಿಯ ಬಟ್ಟೆಯನ್ನು ಬೋರ್ಡಿನ ಮೇಲಂಚಿನಿಂದ ಇಳಿಬಿಟ್ಟಳು. ನಗುವ ಮುಖ ಮುಚ್ಚಿತು.

ಆಮೇಲೆ ಟೊಮೆಟೊದವಳು ತನ್ನ ಹೆಗಲ ಬಟ್ಟೆ ತೆಗೆದು ಮೊಟ್ಟೆಯವಳ ಬೋರ್ಡಿಗೆ ಹಾಕಿದಳು. ನಿಂಬೆ ತಾತ ತನ್ನ ಟವೆಲ್ಲನ್ನು ಕೊಡವಿ, ಬುಟ್ಟಿ ಹೆಣೆಯುವವನ ಬೋರ್ಡಿನ ಮುಂದೆ ತುದಿಗಾಲಲ್ಲಿ ನಿಂತ. ಎಟುಕಲಿಲ್ಲ. ಟವೆಲ್ಲನ್ನು ಅವನ ಕೈಯಿಂದ ತೆಗೆದುಕೊಳ್ಳಲು ಯಾರೋ ಬಂದರು, ನೋಡಿದರೆ ಟೈ.

ಟೈ ಟವೆಲ್ ಹಿಡಿದುಕೊಂಡು ನಿಂತ. ತಲೆಯ ಮೇಲೆ ಕ್ಯಾಮೆರಾ ಇತ್ತು, ಅದು ಅವನಿಗೂ ಗೊತ್ತಿತ್ತು. ಬೋರ್ಡಿಗೆ ಹಾಕುವ ಧೈರ್ಯ ಅವನಿಗೆ ಬರಲಿಲ್ಲ. ಎಸೆಯುವ ಧೈರ್ಯವೂ ಬರಲಿಲ್ಲ. ಕೊನೆಗೆ ಅದನ್ನು ತಾತನ ಹೆಗಲಿಗೆ ಮರಳಿ ಹಾಕಿ ಲಿಫ್ಟಿನ ಕಡೆ ನಡೆದ. ಡ್ರಿಲ್ಲಿನವನು ಈರುಳ್ಳಿಯ ಚೀಲ ಕೆಳಗಿಟ್ಟು, ಏಣಿ ತಂದು, ತಾನೇ ಟವೆಲ್ ಇಳಿಬಿಟ್ಟ.

ಹೊಸದಾಗಿ ಬಂದ ಗಿರಾಕಿಯೊಬ್ಬಳು ಆಲೂಗಡ್ಡೆ ಆರಿಸುತ್ತ ಕೇಳಿದಳು, “ಆ ಬೋರ್ಡಿಗೆಲ್ಲ ಯಾಕೆ ಬಟ್ಟೆ ಹಾಕಿದೀರ?”

“ಅಂಗಡಿಯವರು ಬರ್ತಾರೆ” ಎಂದಳು ಸೊಪ್ಪಿನಕ್ಕ, ತಟ್ಟೆಗೆ ಇನ್ನೊಂದು ಗಡ್ಡೆ ಹಾಕಿ ಮುಳ್ಳು ನಿಲ್ಲುವುದನ್ನೇ ನೋಡುತ್ತ.

“ಬರೋವರೆಗೂ ನಾನು ಬೆವರು ಒರೆಸ್ಕೊಳ್ಳೋದು ಯಾವುದರಲ್ಲಿ?” ಎಂದ ತಾತ ಸೊಪ್ಪಿನ ಅಂಗಡಿಯಿಂದ. “ನನ್ನ ಹತ್ರ ಇದ್ದದ್ದು ಅದೊಂದೇ.”